ನುಡಿಯ ನೆರೆಹೊರೆ: ‘ಕಾರ್ಡಿಯಲ್’ ಎಂಬ ಮಾತು

ಮದುವೆಯ ಕರೆಯೋಲೆಗಳಲ್ಲಿ ‘ಕಾರ್ಡಿಯಲಿ’ ಎಂಬ ಇಂಗ್ಲಿಷ್ ಮಾತನ್ನು ಕಾಣದ ವಾಚಕರು ವಿರಳ. ಊರಿನ ಬಂಧುಗಳಿಗೆಂದು ಕನ್ನಡದಲ್ಲಿಯೂ ಇಲ್ಲಿಯ ನೆರೆಹೊರೆಯವರಿಗೆಂದು ಇಂಗ್ಲಿಷಿನಲ್ಲಿಯೂ ಪತ್ರಿಕೆಯನ್ನು ಅಚ್ಚು ಹಾಕಿಸುವವರು ನಮ್ಮ ಸಡಾದಲ್ಲಿ ಉಂಟು. ಅಲ್ಲಿ ಈ ಮಾತು ಒಪ್ಪುತ್ತದೆ. ಆದರೆ ಈಚೆಗೆ ಅದನ್ನು ಒಪ್ಪದ ಕಡೆಯಲ್ಲಿ ಕಂಡೆ.

ನಮ್ಮ ಓಣಿಯ ಹಿರಿಯರೊಬ್ಬರು ತೀರಿಕೊಂಡರು. ಸಂತಾಪ ಸಭೆಯ ಪ್ರಕಟಣೆಯಲ್ಲಿದ್ದ ‘ಹೃತ್ಪೂರ್ವಕ ಶ್ರದ್ಧಾಂಜಲಿ’ ಎಂಬುದನ್ನು ತರುಣನೊಬ್ಬನು ಇಂಗ್ಲಿಷಿಗೆ ತರುವಾಗ ‘ಕಾರ್ಡಿಯಲ್’ ಎಂದು ಬರೆದನು. ಓದಿದವರೊಬ್ಬರು ನಕ್ಕರು, ಹುಡುಗನ ಮುಖ ಬಾಡಿತು. ಅವನದು ಏನೂ ಅರಿಯದವನ ತಪ್ಪಲ್ಲ. ಪದದ ಬೇರನ್ನು ಸರಿಯಾಗಿ ಹಿಡಿದು, ಬಳಕೆಯಲ್ಲಿ ಎಡವಿದವನ ತಪ್ಪು.

ಲ್ಯಾಟಿನ್ ಭಾಷೆಯಲ್ಲಿ ‘ಕೋರ್’ ಎಂದರೆ ಹೃದಯ. ಗೋವೆಯಲ್ಲಿ 1961ರವರೆಗೆ ಆಳಿದ ಪೋರ್ಚುಗೀಸರ ನುಡಿಯಲ್ಲಿ ಹೃದಯಕ್ಕಿರುವ ಹೆಸರೂ ಆ ಮೂಲದ್ದೇ. ಹದಿನಾಲ್ಕನೆಯ ಶತಮಾನದ ಆಂಗ್ಲಕವಿ ಚಾಸರನ ಕಾಲದಲ್ಲಿ ‘ಕಾರ್ಡಿಯಲ್’ ಎಂದರೆ ಎದೆಗೆ ಬಲ ಕೊಡುವ ಔಷಧ. ಇಂದಿಗೂ ನೀರಿನಲ್ಲಿ ಬೆರೆಸಿ ಕುಡಿಯುವ ನಿಂಬೆಯ ಸಿಹಿರಸದ ಸೀಸೆಯ ಮೇಲೆ ಆ ಹೆಸರು ಉಳಿದಿದೆ. ಕಾಲಕ್ರಮದಲ್ಲಿ ಅದು ಸ್ನೇಹದ ಬೆಚ್ಚನೆಯ ನಡೆಗೆ ವಿಶೇಷಣವಾಯಿತು. 1904ರಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಹಳೆಯ ವೈಷಮ್ಯವನ್ನು ಬದಿಗಿಟ್ಟು ಮಾಡಿಕೊಂಡ ಒಡಂಬಡಿಕೆಗೂ ಈ ಪದದ ಫ್ರೆಂಚ್ ರೂಪವೇ ಹೆಸರು ಕೊಟ್ಟಿತು.

ಬಳಸಿದಷ್ಟೂ ಪದದ ಕಾವು ಆರುವುದುಂಟು. ಮಾತುಕತೆ ‘ಕಾರ್ಡಿಯಲ್’ ವಾತಾವರಣದಲ್ಲಿ ನಡೆಯಿತೆಂದು ವೃತ್ತಪತ್ರಿಕೆ ಬರೆದರೆ ಒಪ್ಪಂದವಾಯಿತೆಂದು ತಿಳಿಯಬೇಕಾಗಿಲ್ಲ. ಜಗಳವಾಗಲಿಲ್ಲವೆಂದು ತಿಳಿದರೆ ಸಾಕು. ಇನ್ನೊಂದು ವಿನೋದವೆಂದರೆ, ಒಬ್ಬರನ್ನು ಮನಸಾರೆ ದ್ವೇಷಿಸುವುದಕ್ಕೂ ಇಂಗ್ಲಿಷರು ‘ಕಾರ್ಡಿಯಲಿ’ ಎಂದು ಹೇಳಬಲ್ಲರು! ಆದರೆ ಸಾವಿನ ದುಃಖಕ್ಕೆ ಮಾತ್ರ ಅದು ಸಲ್ಲದು. ಅಲ್ಲಿ ‘ಹಾರ್ಟ್‌ಫೆಲ್ಟ್’ ಎನ್ನಬೇಕು. ನಮ್ಮ ‘ಹೃತ್ಪೂರ್ವಕ’ ಸುಖದುಃಖಗಳೆರಡಕ್ಕೂ ಸಲ್ಲುವುದರಿಂದಲೇ ಹುಡುಗನು ಮೋಸಹೋದನು.

ಕನ್ನಡದಲ್ಲಿ ಇದಕ್ಕೆ ಸರಿಸಮವಾದ ಪದ ‘ಸೌಹಾರ್ದ’. ಸುಹೃತ್ ಎಂದರೆ ಒಳ್ಳೆಯ ಹೃದಯವುಳ್ಳವನು, ಗೆಳೆಯ. ಅವನ ಭಾವವೇ ಸೌಹಾರ್ದ. ಕರ್ನಾಟಕದ ಪೇಟೆಗಳಲ್ಲಿ ಕಾಣುವ ‘ಸೌಹಾರ್ದ ಸಹಕಾರಿ’ ಎಂಬ ಫಲಕಗಳ ಹಿಂದೆ ಆ ಹೆಸರಿನ 1997ರ ಕಾಯಿದೆಯೇ ಇದೆ. ‘ಸೌಜನ್ಯ’ ಇದಕ್ಕಿಂತ ತುಸು ದೂರದ್ದು, ‘ಆತ್ಮೀಯತೆ’ ತುಸು ಹತ್ತಿರದ್ದು. ಸೌಜನ್ಯವು ಬಂದವರನ್ನು ಅಂಗಳದಲ್ಲಿ ನಿಂತು ಮಾತನಾಡಿಸುತ್ತದೆ. ಸೌಹಾರ್ದವು ಪಡಸಾಲೆಯಲ್ಲಿ ಕುಳ್ಳಿರಿಸಿ ಚಹ ಕೊಡುತ್ತದೆ. ಆತ್ಮೀಯತೆಯು ಅಡಿಗೆಮನೆಯವರೆಗೂ ಕರೆದೊಯ್ಯುತ್ತದೆ.

ಪರಭಾಷೆಯ ನೆರೆಯವರ ನಡುವೆ ಬಾಳುವ ನಮಗೆ ಈ ಮೂರರ ಅಂತರ ತಿಳಿದಿರಬೇಕು. ಎಲ್ಲರೊಡನೆಯೂ ಆತ್ಮೀಯತೆ ಸಾಧ್ಯವಾಗದು. ಆದರೆ ಬರಿಯ ಸೌಜನ್ಯದಲ್ಲಿಯೇ ಆಯುಷ್ಯ ಕಳೆದರೆ ಎಷ್ಟು ವರ್ಷ ಇದ್ದರೂ ನಾವು ಅಂಗಳದವರೇ.

ಅಂದಿನ ಸಭೆಗೆ ನೆರೆಯ ಕೊಂಕಣಿ ಮನೆಗಳವರೂ ಬಂದಿದ್ದರು. ಆ ಪದದ ತಪ್ಪನ್ನು ಯಾರೂ ಎತ್ತಲಿಲ್ಲ. ಒಬ್ಬ ಮುದುಕಿಯು ಹಿರಿಯರ ಹೆಂಡತಿಯ ಕೈ ಹಿಡಿದು ಬಹಳ ಹೊತ್ತು ಸುಮ್ಮನೆ ಕುಳಿತಿದ್ದಳು. ಅದನ್ನು ಕಂಡ ಮೇಲೆ ಹುಡುಗನಿಗೆ ನಾನು ಹೇಳಿದೆ: ‘ಪದವನ್ನು ತಿದ್ದಿಕೊ, ತಮ್ಮಾ, ಕರೆದುದಕ್ಕಾಗಿ ನಾಚಿಕೊಳ್ಳಬೇಡ.’