ಗದ್ದಲವೆಂದು ತಳ್ಳಿಹಾಕುವವರಿಗೆ

ಹೆವಿ ಮೆಟಲ್ ಎಂಬುದು ಸಿರಿವಂತರ ಮನೆಯ ಉಂಡಾಡಿ ಮಕ್ಕಳ ಅರಚಾಟ, ಅದಕ್ಕೂ ಕನ್ನಡ ನಾಡಿಗೂ ಯಾವ ಸಂಬಂಧವೂ ಇಲ್ಲ ಎಂಬ ತೀರ್ಪನ್ನು ನಮ್ಮ ನಿಜಲಿಂಗಪ್ಪ ಬಡಾವಣೆಯ ಸಂಗೀತಾಭಿಮಾನಿಗಳಿಂದ ಹಲವು ಸಲ ಕೇಳಿದ್ದೇನೆ. ತೀರ್ಪಿನ ಎರಡು ಭಾಗಗಳೂ ತಪ್ಪು.

ಈ ಪ್ರಕಾರಕ್ಕೆ ಬುನಾದಿ ಹಾಕಿದ ಬ್ಲ್ಯಾಕ್ ಸಬ್ಬತ್ ತಂಡ 1968ರಲ್ಲಿ ಹುಟ್ಟಿದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ. ಅದು ಕಾರ್ಖಾನೆಗಳ ಊರು. ಗಿಟಾರ್ ವಾದಕ ಟೋನಿ ಅಯೋಮಿ ಹದಿನೇಳರ ಹರೆಯದಲ್ಲಿ ತಗಡಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಾಗ ಯಂತ್ರಕ್ಕೆ ಸಿಲುಕಿ ಬಲಗೈಯ ಎರಡು ಬೆರಳುಗಳ ತುದಿ ಕಳೆದುಕೊಂಡನು. ಎಡಚನಾದ ಆತ ತಂತಿಗಳನ್ನು ಒತ್ತುತ್ತಿದ್ದುದು ಅದೇ ಕೈಯಿಂದ. ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡನು. ತೆಳುವಾದ ತಂತಿಗಳನ್ನು ಬಿಗಿದನು. ಮುಂದೆ ಅವನ್ನೂ ಸಡಿಲಿಸಿ ಶ್ರುತಿಯನ್ನು ಕೆಳಗಿಳಿಸಿದನು. ಆ ಸಂಗೀತದ ಭಾರವಾದ ನಾದಕ್ಕೆ ಇದೂ ಒಂದು ಕಾರಣ. ಹತ್ತಿಯ ಗಿರಣಿಗಳಿಂದ ಬೆಳೆದ ದಾವಣಗೆರೆಗೆ, 1941ರಿಂದ ಮೈಸೂರು ಕಿರ್ಲೋಸ್ಕರ್‌ನ ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಹರಿಹರಕ್ಕೆ ಈ ಕತೆ ಪರಕೀಯವೇ? ಯಂತ್ರದ ಮುಂದೆ ನಿಂತು ದುಡಿದವರ ಮಕ್ಕಳಿಗೇ ಅಲ್ಲವೇ ನಾನು ಪಾಠ ಹೇಳಿದ್ದು!

ಇನ್ನು ಕನ್ನಡ ನಾಡಿನ ಮಾತು. ಭಾರತದಲ್ಲಿ ಈ ಸಂಗೀತದ ಮೊದಲಿಗರ ಸಾಲಿನಲ್ಲಿ ನಿಲ್ಲುವ ಮಿಲೇನಿಯಮ್ ತಂಡ 1980ರ ದಶಕದ ಕೊನೆಯಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ. ಅಲ್ಲಿಯೇ 1998ರಲ್ಲಿ ನೋಲನ್ ಲೂಯಿಸ್ ಮತ್ತು ಗಣೇಶ್ ಕೃಷ್ಣಸ್ವಾಮಿ ಕ್ರಿಪ್ಟಾಸ್ ತಂಡವನ್ನು ಕಟ್ಟಿದರು. ಅವರ ಮೊದಲ ಧ್ವನಿಮುದ್ರಿಕೆ ಬಂದದ್ದು 2004ರಲ್ಲಿ. ಆರು ವರ್ಷಗಳ ಕಾಯುವಿಕೆ! ಸಿನಿಮಾದ ಆಸರೆಯಿಲ್ಲದೆ ಹಾಡುವವರ ಪಾಡು ನಮ್ಮಲ್ಲಿ ಹೇಗಿರುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಡ. 2013ರಲ್ಲಿ ಅವರು ಜರ್ಮನಿಯ ವಾಕನ್ ಉತ್ಸವದಲ್ಲಿ ನುಡಿಸಿದರು. ಮೆಟಲ್ ಪ್ರಪಂಚಕ್ಕೆ ಅದು ಜಾತ್ರೆಗಳ ಜಾತ್ರೆ. 2024ರಲ್ಲಿಯೂ ಅವರ ಹೊಸ ಧ್ವನಿಮುದ್ರಿಕೆ ಜರ್ಮನಿಯ ಸಂಸ್ಥೆಯೊಂದರಿಂದ ಹೊರಬಂದಿತು. ನಾನು ಓದುವ ಕನ್ನಡ ಪುರವಣಿಗಳಲ್ಲಿ ಇವರ ಬಗ್ಗೆ ಒಂದು ಪುಟದ ಲೇಖನವನ್ನೂ ಕಂಡ ನೆನಪಿಲ್ಲ.

ಅವರು ಇಂಗ್ಲಿಷಿನಲ್ಲಿ ಹಾಡುತ್ತಾರಲ್ಲ ಎಂದು ಮಿತ್ರರೊಬ್ಬರು ಆಕ್ಷೇಪಿಸಿದರು. ಒಪ್ಪೋಣ. ಹಾಗಾದರೆ ಬೆಂಗಳೂರಿನ ರಾಮೋತ್ಸವದ ಕಛೇರಿಗಳಲ್ಲಿ ತ್ಯಾಗರಾಜರ ತೆಲುಗು ಕೃತಿಗಳಿಗೆ ತಲೆದೂಗುವವರು ಯಾರು? ವಾದ್ಯವೇ ವಿದೇಶಿ ಎನ್ನುವುದಾದರೆ ಪಿಟೀಲು ಎಲ್ಲಿಂದ ಬಂದಿತು? ಅದಕ್ಕೆ ಏಳು ತಂತಿ ಬಿಗಿದ ಮೈಸೂರಿನ ಚೌಡಯ್ಯನವರ ನೆನಪಿಗೆ ನಾವು ಪಿಟೀಲಿನ ಆಕಾರದ ಭವನವನ್ನೇ ಕಟ್ಟಿದೆವು. ದಾವಣಗೆರೆಯ ಕಂಪನಿ ನಾಟಕಗಳನ್ನು ಹಾರ್ಮೋನಿಯಂ ಇಲ್ಲದೆ ಊಹಿಸಿಕೊಳ್ಳಬಲ್ಲಿರಾ? ಅದೂ ಯುರೋಪಿನದೇ.

ಕ್ರಿಪ್ಟಾಸ್‌ನವರ ಸಂಗೀತ ನನ್ನ ಕಿವಿಗೆ ಇಂದಿಗೂ ಒಗ್ಗಿಲ್ಲ. ಹತ್ತು ನಿಮಿಷಕ್ಕೆ ತಲೆ ಭಾರವಾಗುತ್ತದೆ. ಆದರೆ ನಾನು ಕೇಳುತ್ತಿರುವುದು ಚಪ್ಪಾಳೆಯನ್ನಲ್ಲ. ಕರ್ನಾಟಕದ ಸಂಗೀತ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯುವಾಗ 1998ರ ಆ ಬೆಂಗಳೂರಿನ ಹುಡುಗರಿಗೆ ಒಂದೆರಡು ಪುಟ ಮೀಸಲಿಡಲಿ.