ಹಳೆಯ ಗಣಕಯಂತ್ರಕ್ಕೆ ತೀರ್ಪು ನೀಡುವ ಮುನ್ನ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಯಾವುದೇ ಶಾಲೆಯಲ್ಲಾಗಲಿ, ಹಳೆಯ ಗಣಕಯಂತ್ರವು ಅಂತರಜಾಲಕ್ಕೆ ಕೂಡದಿದ್ದರೆ ಅದನ್ನು ಮೂಲೆಗೆ ಸರಿಸುವುದು ಸುಲಭ. ಆದರೆ ಆ ತೀರ್ಪು ಅವಸರದ್ದು.

ನೆಟ್‌ವರ್ಕ್ ಕಾರ್ಡು ತಾನಾಗಿ ಕೆಲಸ ಮಾಡಲಾರದು. ಕಾರ್ಯವ್ಯವಸ್ಥೆಯ ಆಜ್ಞೆಗಳನ್ನು ಅದಕ್ಕೆ ತಿಳಿಯುವಂತೆ ಮುಟ್ಟಿಸಲು ‘ಡ್ರೈವರ್’ ಎಂಬ ದುಭಾಷಿ ಬೇಕು. ದುಭಾಷಿಯಿಲ್ಲದಿದ್ದರೆ ನಿರ್ದೋಷಿಯಾದ ಕಾರ್ಡೂ ಮೂಕವೇ. ವಿಚಿತ್ರವೆಂದರೆ, ಡ್ರೈವರನ್ನು ತರಲು ಜಾಲ ಬೇಕು. ಜಾಲವನ್ನು ಸೇರಲು ಡ್ರೈವರೇ ಬೇಕು!

ಈ ಗಂಟನ್ನು ಬಿಡಿಸುವುದು ಕಠಿಣವಲ್ಲ. ಮೊದಲು ತಂತಿಯನ್ನು ಪರೀಕ್ಷಿಸಬೇಕು. ಬಳಿಕ ‘ಡಿವೈಸ್ ಮ್ಯಾನೇಜರ್’ನಲ್ಲಿ ಕಾರ್ಡಿನ ಗುರುತುಸಂಖ್ಯೆಯನ್ನು ಓದಬೇಕು. ಅದರ ಒಂದು ಭಾಗ ತಯಾರಕರನ್ನೂ ಇನ್ನೊಂದು ಭಾಗ ಮಾದರಿಯನ್ನೂ ಸೂಚಿಸುತ್ತದೆ. ತಯಾರಕರ ಸಂಖ್ಯೆ 8086 ಎಂದಿದ್ದರೆ ಕಾರ್ಡು ಇಂಟೆಲ್‌ನದು. ತಕ್ಕ ಡ್ರೈವರನ್ನು ಬೇರೊಂದು ಗಣಕದಿಂದ ಪೆನ್ ಡ್ರೈವಿನಲ್ಲಿ ತರಬಹುದು. ಲಿನಕ್ಸ್‌ನಲ್ಲಂತೂ ಅನೇಕ ಹಳೆಯ ಕಾರ್ಡುಗಳ ಡ್ರೈವರುಗಳು ಮೊದಲೇ ಅಡಕವಾಗಿವೆ.

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ನಿಂತಿತು. ಹಳೆಯ ಯಂತ್ರಗಳಿಗೆ ಬೇರೆ ವ್ಯವಸ್ಥೆಯನ್ನು ತುಂಬುವವರು ಅಳಿಸುವ ಮೊದಲೇ ಡ್ರೈವರನ್ನು ಕಾದಿರಿಸಲಿ. ಈ ಪರೀಕ್ಷೆಯನ್ನು ವಿದ್ಯಾರ್ಥಿಗಳಿಂದಲೇ ಮಾಡಿಸಬೇಕು. ಕಾರಣವನ್ನು ಹುಡುಕದೆ ಯಂತ್ರವನ್ನು ತ್ಯಜಿಸುವ ಶಾಲೆಯು ಯಂತ್ರದೊಡನೆ ವಿಜ್ಞಾನದ ಒಂದು ಪಾಠವನ್ನೂ ತ್ಯಜಿಸುತ್ತದೆ.