ಮಿದುಳಿನ ಕಲೆಗಳೂ ಹಿರಿಯರ ಮಾನವೂ

‘ಅರವತ್ತಕ್ಕೆ ಅರಳುಮರಳು’ ಎಂಬ ಮಾತು ಬಬಲೇಶ್ವರದ ಕಟ್ಟೆಗಳ ಮೇಲೆ ನಿತ್ಯವೂ ಕೇಳಿಬರುತ್ತದೆ. ಯಾವ ಹೊಲ ಯಾವಾಗ ಯಾರ ಕೈಸೇರಿತೆಂಬುದನ್ನು ತಪ್ಪದೆ ಹೇಳಬಲ್ಲ ಎಂಬತ್ತರ ಹಿರಿಯರೂ ಅದೇ ಕಟ್ಟೆಯ ಮೇಲಿರುತ್ತಾರೆ. ಇವರ ಮಿದುಳಿಗೆ ಮುಪ್ಪು ತಟ್ಟಿಲ್ಲವೆಂದು ಜನರು ಭಾವಿಸುವುದು ಸಹಜ. ಆದರೆ ಶಾಸ್ತ್ರಜ್ಞರ ಶೋಧನೆ ಬೇರೊಂದು ಸಂಗತಿಯನ್ನು ತಿಳಿಸುತ್ತದೆ.

ಮರೆವಿನ ರೋಗದಿಂದ ತೀರಿಕೊಂಡ ಸ್ತ್ರೀಯೊಬ್ಬಳ ಮಿದುಳಿನಲ್ಲಿ ಕಂಡ ಕಲೆಗಳನ್ನೂ ಗಂಟುಗಳನ್ನೂ ಜರ್ಮನಿಯ ವೈದ್ಯ ಆಲ್ಝೈಮರನು 1906ರಲ್ಲಿ ವಿವರಿಸಿದನು. ಇವು ರೋಗಿಗಳಲ್ಲಿ ಮಾತ್ರವೇ ಇರುತ್ತವೆಯೇ? ಅಮೇರಿಕದಲ್ಲಿ 678 ಮಂದಿ ಕ್ರೈಸ್ತ ಸಂನ್ಯಾಸಿನಿಯರನ್ನು ಕುರಿತು ನಡೆದ ಅಧ್ಯಯನದಲ್ಲಿ, 101 ವರ್ಷ ಬಾಳಿದ ಸಿಸ್ಟರ್ ಮೇರಿಯವರು ಇಳಿವಯಸ್ಸಿನಲ್ಲಿಯೂ ಬುದ್ಧಿಪರೀಕ್ಷೆಗಳಲ್ಲಿ ಉತ್ತಮವಾಗಿ ತೇರ್ಗಡೆಯಾಗಿದ್ದರು. ಮರಣಾನಂತರ ನೋಡಲಾಗಿ ಅವರ ಮಿದುಳಿನಲ್ಲಿ ಆ ಕಲೆ-ಗಂಟುಗಳು ಹೇರಳವಾಗಿದ್ದವು. ಅನೇಕ ಅಧ್ಯಯನಗಳನ್ನು ಕೂಡಿಸಿ 2015ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ನೆನಪು ನೆಟ್ಟಗಿರುವವರಲ್ಲಿಯೇ ಇಂಥ ಕಲೆಯ ಗುರುತು ಐವತ್ತರ ವಯಸ್ಸಿಗೆ ನೂರಕ್ಕೆ ಸುಮಾರು 10 ಮಂದಿಯಲ್ಲಿ, ತೊಂಬತ್ತಕ್ಕೆ 44 ಮಂದಿಯಲ್ಲಿ ಇರುತ್ತದೆ. ಕಲೆಯಿಂದ ಅಪಾಯ ಹೆಚ್ಚುವುದು ನಿಜ. ಆದರೆ ಕಲೆಯಿದ್ದವರಿಗೆಲ್ಲ ಮರೆವು ಬಂದೇ ತೀರುವುದೆಂಬುದು ನಿಜವಲ್ಲ.

ಈಗ ರಕ್ತಪರೀಕ್ಷೆಯಿಂದಲೇ ಈ ಗುರುತು ಹಿಡಿಯುವ ಕಾಲ ಬಂದಿದೆ. ಗುರುತಿದ್ದರೆ ಸಾಕು, ಲಕ್ಷಣವಿಲ್ಲದಿದ್ದರೂ ಅದು ರೋಗವೇ ಎಂದು 2024ರಲ್ಲಿ ಅಮೇರಿಕದ ಆಲ್ಝೈಮರ್ ಸಂಘದ ತಜ್ಞರು ಸಾರಿದರು. ಇನ್ನೊಂದು ಅಂತರರಾಷ್ಟ್ರೀಯ ಮಂಡಲಿಯು ಅದನ್ನು ಒಪ್ಪಲಿಲ್ಲ. ನಮ್ಮ ಮತವೂ ಈ ಎರಡನೆಯವರ ಕಡೆಗೇ ಇದೆ. ಬುದ್ಧಿ ಸ್ವಸ್ಥವಾಗಿರುವ ಹಿರಿಯನಿಗೆ ರೋಗಿಯೆಂಬ ಹೆಸರು ಅಂಟಿದರೆ, ಮರುದಿನವೇ ಮನೆಯಲ್ಲಿ ಅವನ ಮಾತಿಗೆ ಬೆಲೆ ತಪ್ಪೀತು. ಹೊಲದ ಕಾಗದಕ್ಕೆ ಅವನ ಒಪ್ಪಿಗೆಯೇ ಬೇಡವೆನ್ನುವವರೂ ಹುಟ್ಟಿಕೊಂಡಾರು.

ಹಾಗೆಂದು ಕೈಕಟ್ಟಿ ಕುಳಿತುಕೊಳ್ಳಬೇಕೆಂದು ನಾವು ಹೇಳುತ್ತಿಲ್ಲ. ರಕ್ತದೊತ್ತಡ, ಸಕ್ಕರೆ ರೋಗ, ಕಿವುಡು, ಏಕಾಂತ, ಅವಿದ್ಯೆ ಮೊದಲಾದ 14 ಕಾರಣಗಳನ್ನು ನಿವಾರಿಸಿದರೆ, ಮರೆವಿನ ರೋಗದ ನೂರಕ್ಕೆ ಸುಮಾರು 45 ಪಾಲನ್ನು ತಡೆಯಬಹುದು ಇಲ್ಲವೆ ಮುಂದೂಡಬಹುದೆಂದು 2024ರ ಲ್ಯಾನ್ಸೆಟ್ ಆಯೋಗವು ಅಂದಾಜು ಮಾಡಿದೆ. ಎರಡು ಭಾಷೆ ಬಲ್ಲವರಿಗೆ ಈ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಬರುವುದೆಂದು ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ 648 ರೋಗಿಗಳನ್ನು ಪರೀಕ್ಷಿಸಿ 2013ರಲ್ಲಿ ತೋರಿಸಿದರು. ನಿರಕ್ಷರರಲ್ಲಿಯೂ ಈ ಅಂತರ ಕಂಡಿತು. ಕನ್ನಡದೊಡನೆ ಮರಾಠಿ, ಉರ್ದು ಆಡುವ ನಮ್ಮ ಸೀಮೆಗೆ ಇದು ಸಮಾಧಾನದ ಸುದ್ದಿ.

ತಾಲೂಕಿನ ಪ್ರತಿಯೊಂದು ಆರೋಗ್ಯ ಕೇಂದ್ರದಲ್ಲಿಯೂ ಹಿರಿಯರ ಒತ್ತಡ, ಸಕ್ಕರೆ, ಕಿವಿಗಳ ತಪಾಸಣೆ ತಪ್ಪದೆ ನಡೆಯಬೇಕು. ಬಡವರಿಗೆ ಶ್ರವಣಯಂತ್ರ ದೊರೆಯಬೇಕು. ಮನೆಯವರು ಹಿರಿಯರನ್ನು ಕಟ್ಟೆಯ ಸಂಗಾತಿಗಳಿಂದ ಅಗಲಿಸದಿರಲಿ. ಅಧಿಕಾರಿಗಳು ಈ ಕಡೆಗೆ ಲಕ್ಷ್ಯ ಕೊಡುವರೆಂದು ನಂಬುತ್ತೇವೆ.